ಕಾರಿಗೆ ಆಂಪ್ಲಿಫೈಯರ್ ಹಾಕಿಸ್ತೀರಾ? ಮೊದಲು ಫ್ಯೂಸ್ ಬಗ್ಗೆ ಕೇಳಿ

ಕೋಲಾರ, ಮುಳಬಾಗಿಲಿನಿಂದ ದಿನಾ ನರಸಾಪುರಕ್ಕೋ ಬೆಂಗಳೂರಿಗೋ ಕಾರಲ್ಲಿ ಓಡಾಡುವವರಿಗೆ ಹಾಡೇ ಜೊತೆಗಾರ. ಒಂದು ಕನ್ನಡ, ಒಂದು ತೆಲುಗು ಅಂತ ಕೇಳ್ತಾ ದಾರಿ ಸಾಗುತ್ತೆ. ಆದರೆ ಹೈವೇಯಲ್ಲಿ ಸ್ಪೀಡು 80 ಆಗುತ್ತಿದ್ದಂತೆ ಟೈರು, ಗಾಳಿಯ ಸದ್ದು ಹಾಡನ್ನು ನುಂಗಿಬಿಡುತ್ತೆ. ವಾಲ್ಯೂಮ್ ಏರಿಸಿದರೆ ದನಿ ಒಡೆಯುತ್ತೆ. ಆಗ ಒಂದು ಆಂಪ್ಲಿಫೈಯರ್ ಹಾಕಿಸೋಣ ಅನ್ನಿಸೋದು ಸಹಜ. ಕಂಪನಿ ಕೊಟ್ಟ ಸ್ಟೀರಿಯೋ ತೆಗೆಯದೆಯೂ ಹಾಕಿಸಬಹುದು. ಆದರೆ ಕೆಲವು ವಿಷಯ ತಿಳಿದಿರಲಿ.

ದನಿ ಒಡೆಯೋದು ಯಾಕೆ?

ಸ್ಟೀರಿಯೋ ಮೇಲೆ ‘50 ವ್ಯಾಟ್ × 4’ ಅಂತ ಬರೆದಿರುತ್ತೆ. ಅದರ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. ಕಾರಿನ 14 ವೋಲ್ಟ್‌ನಲ್ಲಿ 15 ಆಂಪಿಯರ್ ಅಂದರೆ 210 ವ್ಯಾಟ್. ಅದರಲ್ಲಿ ಅರ್ಧದಷ್ಟು ಶಾಖವಾಗಿಯೇ ಹೋಗುತ್ತೆ. ಹಾಗಾಗಿ ಒಂದು ಸ್ಪೀಕರ್‌ಗೆ ನಿಜವಾಗಿ ಸಿಗೋದು 15ರಿಂದ 20 ವ್ಯಾಟ್ ಮಾತ್ರ. ಅದಕ್ಕಿಂತ ಹೆಚ್ಚು ಕೇಳಿದರೆ ದನಿ ಒಡೆಯುತ್ತೆ.

ಎಷ್ಟು ವ್ಯಾಟ್ ಸಾಕು?

ವ್ಯಾಟ್ ದುಪ್ಪಟ್ಟಾದರೆ ಸದ್ದು ಏರೋದು ಬರೀ 3 ಡೆಸಿಬಲ್. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆಂಪ್ಲಿಫೈಯರ್‌ನಿಂದ ಸಿಗುವ ದೊಡ್ಡ ಲಾಭ ಅಂದರೆ, ಅದೇ ವಾಲ್ಯೂಮ್‌ನಲ್ಲಿ ಒಡೆಯದ ದನಿ. ಡಬ್ಬದ ಮೇಲಿನ ‘ಮ್ಯಾಕ್ಸ್’ ಸಂಖ್ಯೆ ಬಿಡಿ, ‘ಆರ್‌ಎಂಎಸ್’ ನೋಡಿ. ಚಾನೆಲ್‌ಗೆ 50 ವ್ಯಾಟ್ ಆರ್‌ಎಂಎಸ್ ಬಹುತೇಕರಿಗೆ ಸಾಕು. ನಿಮ್ಮ ಸ್ಪೀಕರ್ ಅಷ್ಟು ತಡೆಯುತ್ತಾ ಅಂತಲೂ ಕೇಳಿ. ಕಂಪನಿಯ ಕಾಗದದ ಕೋನ್ ತಡೆಯದಿದ್ದರೆ ಮೊದಲು ಸ್ಪೀಕರ್ ಬದಲಿಸಿ.

ಬೆಂಕಿಯ ಅಪಾಯ ಎಲ್ಲಿ?

ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ನೇರ ವೈರ್ ಎಳೀತಾರೆ. ಅದು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಲೋಹದ ಗೋಡೆ ದಾಟಬೇಕು. ಅಲ್ಲಿ ರಬ್ಬರ್ ಗ್ರೋಮೆಟ್ ಇಲ್ಲದಿದ್ದರೆ ವೈರ್ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ಬಾಡಿಗೆ ತಾಗುತ್ತೆ. ಬ್ಯಾಟರಿ ಒಂದೇ ಕ್ಷಣದಲ್ಲಿ ನೂರಾರು ಆಂಪಿಯರ್ ಸುರಿಯುತ್ತೆ, ವೈರ್ ಹೊತ್ತಿಕೊಳ್ಳುತ್ತೆ. ಆಂಪ್ಲಿಫೈಯರ್ ಒಳಗಿನ ಫ್ಯೂಸ್ ಇದನ್ನು ತಡೆಯಲ್ಲ, ಅದು ವೈರಿನ ಆ ತುದಿಯಲ್ಲಿದೆ. ಆದ್ದರಿಂದ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇನ್ನೊಂದು ಫ್ಯೂಸ್ ಇರಲೇಬೇಕು. ವೈರ್ ಶುದ್ಧ ತಾಮ್ರದ್ದಿರಲಿ. ಅಗ್ಗದ ಕಿಟ್‌ಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬರುತ್ತೆ, ಅದು ಬೇಗ ಬಿಸಿಯಾಗುತ್ತೆ. ಅರ್ಥ್ ವೈರ್ ಗಿಡ್ಡದಾಗಿದ್ದು, ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಿ ಕೂತಿರಲಿ. ಇಲ್ಲದಿದ್ದರೆ ಎಂಜಿನ್ ಜೊತೆ ‘ಗುಂಯ್’ ಅನ್ನುವ ಸದ್ದೂ ಸೇರಿಕೊಳ್ಳಬಹುದು.

ವಾರಂಟಿ ಏನಾಗುತ್ತೆ?

ಕಾರಿನ ಮೂಲ ವೈರ್ ಕತ್ತರಿಸಲು ಬಿಡಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್ ಹುಡುಕಿ. ‘ಹೈ ಲೆವೆಲ್ ಇನ್‌ಪುಟ್’ ಇರುವ ಆಂಪ್ಲಿಫೈಯರ್ ಆದರೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುತ್ತೆ. ವೈರ್ ಕತ್ತರಿಸಿದ ಕಾರಿನಲ್ಲಿ ಎಲೆಕ್ಟ್ರಿಕಲ್ ತೊಂದರೆ ಬಂದರೆ ವಾರಂಟಿ ಕೇಳೋದು ಕಷ್ಟ. ಇನ್ಶೂರೆನ್ಸ್ ಕಂಪನಿಗೂ ಹೇಳಿಬಿಡಿ.

ಗೇನ್ ಅಂದರೆ ವಾಲ್ಯೂಮ್ ಅಲ್ಲ

ಗೇನ್ ತಿರುಪನ್ನು ಪೂರ್ತಿ ತಿರುಗಿಸಿ ‘ನೋಡಿ ಸಾರ್, ಎಷ್ಟು ಜೋರು!’ ಅಂದರೆ ಒಪ್ಪಬೇಡಿ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗಿಟ್ಟು, ದನಿ ಒಡೆಯುವ ಮೊದಲೇ ಗೇನ್ ನಿಲ್ಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ ಮಾತ್ರ. ದಿನಾ ಎರಡು ಗಂಟೆ ಕಾರಲ್ಲಿರುವವರು ಎರಡೇ ದಿನಕ್ಕೆ ಆ ಮಿತಿ ಮುಟ್ಟುತ್ತಾರೆ. ರಾತ್ರಿ ಮಾಲೂರು, ಶ್ರೀನಿವಾಸಪುರದ ಮನೆಗಳ ಸಾಲಿಗೆ ಬಂದಾಗ ಬೇಸ್ ಇಳಿಸಿ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದಮಿತಿ 45 ಡೆಸಿಬಲ್.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮುಂಚೆ ಬಾನೆಟ್ ತೆರೆಸಿ, ‘ಫ್ಯೂಸ್ ಎಲ್ಲಿ ಹಾಕಿದ್ದೀರಾ, ತೋರಿಸಿ ಅಣ್ಣ’ ಅನ್ನಿ. ಹಾಡು ಆಮೇಲೆ ಕೇಳಬಹುದು.