ವೈರಸ್ಸಿನ ಕೈಯಿಂದಲೇ ವೈರಸ್ಸಿಗೆ ಅಡ್ಡಗಾಲು

"ಯಜಮಾನರಿಗೆ ಹೆಪಟೈಟಿಸ್ ಸಿ ಅಂತೆ. ಮೂರು ತಿಂಗಳು ಮಾತ್ರೆ ತಗೊಂಡರೆ ಪೂರ್ತಿ ವಾಸಿ ಅನ್ನುತ್ತಾರೆ ಡಾಕ್ಟರು. ನೆಂಟರು ಕಾಮಾಲೆಗೆ ಬೇರಿನ ಮದ್ದೇ ಸರಿ ಅನ್ನುತ್ತಾರೆ. ಯಾರನ್ನು ನಂಬಲಿ?" ಓದುಗರೊಬ್ಬರ ಪ್ರಶ್ನೆ.

ಡಾಕ್ಟರನ್ನು ನಂಬಿ. ಬೇರಿನ ಮದ್ದಿಗೆ ಹೆಸರು ಬಂದದ್ದು ಹೆಪಟೈಟಿಸ್ ಎ ಮತ್ತು ಇಗಳ ಪುಣ್ಯದಿಂದ. ಕಲುಷಿತ ನೀರಿನಿಂದ ಬರುವ ಆ ಕಾಮಾಲೆ ಬಹುತೇಕ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಬೇರು ಅರೆದುಕೊಟ್ಟವರಿಗೆ. ರಕ್ತದಿಂದ ಹರಡುವ ಸಿ ಹಾಗಲ್ಲ. ಹೆಚ್ಚಿನವರಲ್ಲಿ ಕಣ್ಣು ಹಳದಿಯಾಗುವುದೇ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಯಕೃತ್ತನ್ನು ಕೆಡಿಸುತ್ತ ಹೋಗುತ್ತದೆ, ಕೆಲವರಲ್ಲಿ ಕ್ಯಾನ್ಸರ್‌ವರೆಗೂ ಒಯ್ಯುತ್ತದೆ. ಅಲ್ಲಿಯತನಕ ಬೇರು ಅರೆದು ಕುಡಿಸುತ್ತ ಕೂರುವುದು ಬರೀ ಕಾಲಹರಣ.

1989ರಲ್ಲಿ ಪತ್ತೆಯಾದ ಈ ವೈರಸ್ಸಿನ ಬಂಡವಾಳವೆಲ್ಲ ಸುಮಾರು 9,600 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಅದರಿಂದ ಮೊದಲು ಒಂದೇ ಉದ್ದನೆಯ ಪ್ರೋಟೀನ್ ತಯಾರಾಗಿ, ಆಮೇಲೆ ಹತ್ತು ತುಂಡಾಗುತ್ತದೆ. ಅದರಲ್ಲಿ ಹಲವು ತುಂಡು ಮಾಡುವುದು ಪ್ರೋಟಿಯೇಸ್ ಎಂಬ ವೈರಸ್ಸಿನದೇ ಕಿಣ್ವ. (ವೈರಸ್ ನುಗ್ಗಿದ ಸುದ್ದಿ ಮುಟ್ಟಿಸುವ ನಮ್ಮ ಕೋಶದ ಪ್ರೋಟೀನನ್ನೂ ಅದು ಕತ್ತರಿಸಿ ಹಾಕುತ್ತದೆ, ಕಿಲಾಡಿ!) ವೈರಸ್ಸಿನ ಮೇಲೆ ನೇರವಾಗಿ ಎರಗುವ, 2011ರಲ್ಲಿ ಬಂದ ಮೊದಲ ಔಷಧಗಳು ಈ ಪ್ರೋಟಿಯೇಸನ್ನೇ ತಡೆದವು. ಆದರೆ ನನಗೆ ಬಲು ಇಷ್ಟವಾದದ್ದು ಇನ್ನೊಂದು ಕಿಣ್ವದ ಕಥೆ. ಅದು ಆರ್‌ಎನ್‌ಎಯನ್ನು ನಕಲು ಮಾಡುವ ಪಾಲಿಮರೇಸ್.

ಅಕ್ಷರಕ್ಕೆ ಅಕ್ಷರ ಜೋಡಿಸುತ್ತ ಓಡುವ ಈ ಕಿಣ್ವಕ್ಕೆ ಹಿಂತಿರುಗಿ ತಿದ್ದುವ ಅಭ್ಯಾಸವಿಲ್ಲ. 2013ರಲ್ಲಿ ಬಂದ ಸೋಫೊಸ್‌ಬುವಿರ್ ಇದರ ಮುಂದೆ ಆರ್‌ಎನ್‌ಎಯ 'ಯು' ಅಕ್ಷರದ ವೇಷ ತೊಟ್ಟು ನಿಲ್ಲುತ್ತದೆ. ಹಿಂದೆ ಎಚ್‌ಐವಿಗೆ ಕೊಡುತ್ತಿದ್ದ ಎಜೆಡ್‌ಟಿಯಂಥ ವೇಷಧಾರಿಗಳಲ್ಲಿ ಮುಂದಿನ ಅಕ್ಷರವನ್ನು ಹಿಡಿಯುವ ಕೊಂಡಿಯೇ ಇರುತ್ತಿರಲಿಲ್ಲ. ಇದರಲ್ಲಿ ಕೊಂಡಿ ಇದೆ! ಪಕ್ಕದಲ್ಲಿ ಪುಟ್ಟದೊಂದು ಮೀಥೈಲ್ ಗುಂಪು ಅಂಟಿಸಿದ್ದಾರೆ, ಅಷ್ಟೇ. ರೈಲು ಬೋಗಿಯ ಕೊಂಡಿ ಸರಿಯಿದ್ದೂ ಪಕ್ಕದಲ್ಲಿ ಕಬ್ಬಿಣದ ಮೊಂಡೊಂದು ಚಾಚಿಕೊಂಡಿದ್ದರೆ ಮುಂದಿನ ಬೋಗಿ ಹತ್ತಿರ ಬರಲಾದೀತೆ? ನಕಲು ಅಲ್ಲಿಗೇ ನಿಂತುಹೋಗುತ್ತದೆ. ವೈರಸ್ ರೂಪ ಬದಲಿಸಿ ತಪ್ಪಿಸಿಕೊಳ್ಳಬಾರದೆ? ಅಂಥದೊಂದು ಬದಲಾವಣೆ ಇದೆ. ಆದರೆ ಅದನ್ನು ಮಾಡಿಕೊಂಡ ಪಾಲಿಮರೇಸ್ ಕೆಲಸದಲ್ಲೇ ಕುಂಟುತ್ತದೆ.

ಸಾಗಣೆಯಲ್ಲೂ ಚಮತ್ಕಾರವಿದೆ. ಔಷಧ ಕೆಲಸ ಮಾಡಲು ಫಾಸ್ಫೇಟ್ ಬೇಕು. ಫಾಸ್ಫೇಟ್ ಹೊತ್ತದ್ದು ಕೋಶದ ಪೊರೆಯನ್ನು ಸುಲಭಕ್ಕೆ ದಾಟದು. ಹಾಗಾಗಿ ಫಾಸ್ಫೇಟಿಗೆ ರಾಸಾಯನಿಕ ಮುಸುಕು ಹಾಕಿ ಕಳಿಸುತ್ತಾರೆ. ಮುಸುಕು ತೆಗೆಯುವುದು ಯಕೃತ್ತಿನ ಕಿಣ್ವಗಳು, ಅದೂ ವೈರಸ್ ಠಿಕಾಣಿ ಹೂಡಿದ ಕೋಶಗಳಲ್ಲೇ.

ಹೆಪಟೈಟಿಸ್ ಬಿ ವೈರಸ್ ಡಿಎನ್‌ಎ ರೂಪದಲ್ಲಿ ನಮ್ಮ ಕೋಶಕೇಂದ್ರದಲ್ಲಿ ಅಡಗಿ ಕೂರುತ್ತದೆ. ಸಿಗೆ ಅಂಥ ಅಡಗುತಾಣವಿಲ್ಲ. ನಕಲು ನಿಂತರೆ ಅದರ ವಂಶ ಮುಗಿಯಿತು. ಸೋಫೊಸ್‌ಬುವಿರ್ ಜೊತೆಗೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಎಂಬ ಇನ್ನೊಂದು ಔಷಧ ಸೇರಿಸಿ ಸಾಮಾನ್ಯವಾಗಿ 12 ವಾರ ಕೊಟ್ಟರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ವಾಸಿಯಾಗುತ್ತಾರೆ.

ಅಮೆರಿಕದಲ್ಲಿ ಸೋಫೊಸ್‌ಬುವಿರ್‌ನ ಒಂದೊಂದು ಮಾತ್ರೆಗೆ 1,000 ಡಾಲರ್ ಬೆಲೆಯಿಟ್ಟದ್ದು ನಾಚಿಕೆಗೇಡು. ನಮ್ಮಲ್ಲಿ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಇದು ಉಚಿತ. ಚಿಕಿತ್ಸೆಗೆ ಮೊದಲು ಬಿ ಸೋಂಕಿನ ಪರೀಕ್ಷೆಯನ್ನೂ ಮಾಡಿಸಿ; ಸಿ ಹೊರಟಾಗ ಮಲಗಿದ್ದ ಬಿ ಏಳುವುದುಂಟು. ಮಾತ್ರೆ ಮುಗಿದ 12 ವಾರಕ್ಕೆ ಯಜಮಾನರ ರಕ್ತ ಮತ್ತೊಮ್ಮೆ ಪರೀಕ್ಷೆಗೆ ಕೊಡಿಸಿ. ಆಗಲೂ ವೈರಸ್ ಕಾಣದಿದ್ದರೆ ವಾಸಿಯಾಯಿತೆಂದೇ ಲೆಕ್ಕ.