ಪಂಪ್‌ಸೆಟ್ ಮನೆ ಬಾಗಿಲಲ್ಲಿ ಕುಕ್ಕರ್ ಸದ್ದು

ನಮ್ಮ ಕಡೆ ತ್ರೀ ಫೇಸ್ ಕರೆಂಟು ಬರೋದೇ ರಾತ್ರಿ. ಎರಡು ವರ್ಷದ ಹಿಂದೆ ಬಾಳೆಗೆ ನೀರು ಬಿಡೋಕೆ ಹೋದವನು, ಪಂಪ್‌ಸೆಟ್ ಮನೆ ಬಾಗಿಲಲ್ಲಿ ಗಕ್ಕನೆ ನಿಂತೆ. ಕಾಲ ಪಕ್ಕದಲ್ಲೇ ಪ್ರೆಷರ್ ಕುಕ್ಕರ್ ಹಬೆ ಬಿಟ್ಟ ಹಾಗೆ ಸದ್ದು. ಮೊಬೈಲ್ ಬೆಳಕಲ್ಲಿ ನೋಡಿದರೆ, ಮೈಮೇಲೆ ಸರಪಳಿಯಂಥ ಮಚ್ಚೆ. ಕೊಳಕುಮಂಡಲ! ನನ್ನ ಕಾಲಲ್ಲಿ ಹವಾಯಿ ಚಪ್ಪಲಿ.

ಬೆಳಿಗ್ಗೆ ಯೋಚಿಸಿದರೆ ತಪ್ಪು ನನ್ನದೇ. ಮುಚ್ಚಿಗೆಗೆ ಅಂತ ತೆಂಗಿನ ಗರಿ, ಜೋಳದ ದಂಟು ಎಲ್ಲ ಅಲ್ಲೇ ರಾಶಿ ಹಾಕಿದ್ದೆ. ರಾಶಿ ಕೆಳಗೆ ಇಲಿ ಬಿಲ. ಇಲಿ ಇದ್ದಲ್ಲಿಗೆ ಹಾವು ಬಂದೇ ಬರುತ್ತೆ. ಅದೇ ಬೇಸಿಗೆಯಲ್ಲಿ ಕೆಲಸದವರು ಎರಡು ಕೇರೆ ಹಾವು ಹೊಡೆದಾಗ ನಾನು ಸುಮ್ಮನಿದ್ದೆ. ವಿಷವಿಲ್ಲದ, ಪುಕ್ಕಟೆ ಇಲಿ ಹಿಡಿಯೋ ಆಳುಗಳನ್ನ ಕೊಲ್ಲಿಸಿದ ಪದವೀಧರ ನಾನು!

ಆಮೇಲೆ ಬದಲಾಯಿಸಿದ್ದು ಇಷ್ಟು:

- ರಾಶಿಯನ್ನ ಮನೆ, ಪಂಪ್‌ಸೆಟ್, ಓಡಾಡೋ ದಾರಿಯಿಂದ ದೂರ ಸಾಗಿಸಿದೆ.
- ಮುಚ್ಚಿಗೆ ಎತ್ತೋಕೆ ಉದ್ದ ಹಿಡಿಯ ಕವೆಗೋಲು, ಬರಿಗೈ ಬೇಡ.
- ರಾತ್ರಿಗೆ ಗಂಬೂಟು, ದೊಡ್ಡ ಟಾರ್ಚು, ಒಂದು ಕೋಲು.
- ಗೂಬೆ ಕೂರೋಕೆ ತೋಟದಲ್ಲಿ ಅಲ್ಲಲ್ಲಿ ಕಂಬ.
- ನೆಲದ ಮೇಲೆ ಮಲಗೋದು ಬಂದ್. ಕಟ್ಟುಹಾವು ರಾತ್ರಿ ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗಲ್ಲ.

ಇಷ್ಟಾದರೂ ಹೋದ ಮುಂಗಾರಲ್ಲಿ ನಮ್ಮ ಕೆಲಸದ ಅಣ್ಣನ ಪಾದಕ್ಕೆ ಮಂಡಲ ಕಚ್ಚಿತು. ಸೆಕೆ ಅಂತ ಬೂಟು ಬಿಚ್ಚಿಟ್ಟಿದ್ದ. ಒಬ್ಬರು ಹಗ್ಗ ತಂದರು, ಇನ್ನೊಬ್ಬರು ಬ್ಲೇಡು. ಎರಡನ್ನೂ ಕಿತ್ತುಕೊಂಡೆ. ಬಿಗಿದು ಕಟ್ಟಿದರೆ ಕಾಲೇ ಕೊಳೆಯಬಹುದು, ಕೊಯ್ದರೆ ರಕ್ತ ನಿಲ್ಲಲ್ಲ. ಕಾಲುಂಗುರ, ದಾರ ಇದ್ದರೆ ಬಿಚ್ಚಿ, ಕಾಲು ಅಲ್ಲಾಡದಂತೆ ಮರದ ಪಟ್ಟಿ ಇಟ್ಟು, ನಡೆಸದೆ ಕರೆದೊಯ್ಯಬೇಕು. ಹಾಗೇ ಮಾಡಿದೆವು. ಆಸ್ಪತ್ರೆಯಲ್ಲಿ ಗಾಜಿನ ನಳಿಕೆಗೆ ರಕ್ತ ಹಾಕಿಟ್ಟರು. 20 ನಿಮಿಷ ಆದರೂ ಹೆಪ್ಪುಗಟ್ಟಲಿಲ್ಲ. ಕೂಡಲೇ ಪ್ರತಿವಿಷ ಶುರು ಮಾಡಿದರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಅದೇ ಔಷಧಿ. ಹಾಗಾಗಿ ಹಾವನ್ನ ಹೊಡೆದು ಒಯ್ಯೋ ಅಗತ್ಯವೇ ಇಲ್ಲ.

ಗೆಳೆಯರೇ, ಈಗಲೇ ಒಂದು ಕೆಲಸ ಮಾಡಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಅಂತ ವಿಚಾರಿಸಿ, ಆ ನಂಬರು ಮೊಬೈಲಿಗೆ ಹಾಕಿಕೊಳ್ಳಿ. ಜೊತೆಗೆ 108 ಇರಲಿ.

ಅಣ್ಣ ಈಗ ಚೆನ್ನಾಗಿದ್ದಾನೆ. ಎಷ್ಟೇ ಸೆಕೆಯಾದರೂ ಬೂಟು ಬಿಚ್ಚಲ್ಲ. ಮೊನ್ನೆ ತೋಟದಲ್ಲಿ ಕೇರೆ ಕಂಡಾಗ ಅವನೇ ಅಂದ: "ಬಿಡಿ, ಅದು ನಮ್ದೇ."