ಎಂಜಿನ್ನಿಗೆ ಮಿತಿಮೀರಿ ಎಣ್ಣೆ ತುಂಬುವುದರಿಂದಾಗುವ ಕೆಡುಕು

ಎಂಜಿನ್ನಿನಲ್ಲಿ ಎಣ್ಣೆಯು ಕಡಿಮೆಯಾದರೆ ಬೇರಿಂಗುಗಳು ಸುಟ್ಟು ಯಂತ್ರವು ನಿಂತುಹೋಗುವುದೆಂಬ ಸಂಗತಿಯು ಟ್ರ್ಯಾಕ್ಟರನ್ನಾಗಲಿ ನೀರೆತ್ತುವ ಎಂಜಿನ್ನನ್ನಾಗಲಿ ಇಟ್ಟುಕೊಂಡಿರುವ ರೈತರೆಲ್ಲರಿಗೂ ತಿಳಿದದ್ದೇ ಆಗಿದೆ. ಈ ಭಯದಿಂದಲೇ ಕೆಲವರು ಬಿತ್ತನೆಯ ಕಾಲವು ಸಮೀಪಿಸಿದೊಡನೆ, ಸ್ವಲ್ಪ ಹೆಚ್ಚಾದರೆ ನಷ್ಟವೇನೆಂದು ಗುರುತನ್ನು ಮೀರಿ ಎಣ್ಣೆಯನ್ನು ಸುರಿಯುವುದುಂಟು. ದುಡಿಯುವ ಎತ್ತಿಗೆ ಒಂದು ಹಿಡಿ ಹಿಂಡಿಯನ್ನು ಹೆಚ್ಚಾಗಿ ಇಟ್ಟಂತೆ ಇದೂ ಯಂತ್ರಕ್ಕೆ ಪುಷ್ಟಿಯನ್ನುಂಟುಮಾಡುವುದೆಂದು ಅವರ ಭಾವನೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ಇಲ್ಲಿ ಮರೆಯಕೂಡದು. ಎಣ್ಣೆಯು ಕಡಿಮೆಯಾದಾಗ ಯಾವ ಬೇರಿಂಗುಗಳು ಕೆಡುವುವೋ ಅತಿಯಾದಾಗಲೂ ಅವೇ ಕೆಡಬಹುದು. ಡೀಸೆಲ್ ಎಂಜಿನ್ನಿನಲ್ಲಿಯಂತೂ ಇದಕ್ಕಿಂತಲೂ ಹೆಚ್ಚಿನ ಅಪಾಯವೊಂದುಂಟು.

ಎಣ್ಣೆಯ ಕೆಲಸ

ಎಂಜಿನ್ನಿನ ತಳದಲ್ಲಿ ಎಣ್ಣೆಯು ನಿಲ್ಲುವ ತೊಟ್ಟಿಯೊಂದಿರುವುದು. ಮೆಕ್ಯಾನಿಕರು ಇದನ್ನು ಚೇಂಬರ್ ಎಂದು ಕರೆಯುವರು. ಅದರ ಮೇಲುಗಡೆ ಕ್ರ್ಯಾಂಕ್ ಶಾಫ್ಟ್ ತಿರುಗುತ್ತಿರುವುದು. ಪಂಪು ತೊಟ್ಟಿಯಿಂದ ಎಣ್ಣೆಯನ್ನೆಳೆದು, ಫಿಲ್ಟರಿನಲ್ಲಿ ಶೋಧಿಸಿ, ಒತ್ತಡದಿಂದ ಬೇರಿಂಗುಗಳಿಗೆ ಕಳುಹಿಸುವುದು. ಅಲ್ಲಿ ಅದು ತೆಳ್ಳನೆಯ ಪೊರೆಯಾಗಿ ನಿಂತು, ಲೋಹವು ಲೋಹಕ್ಕೆ ತಾಗದಂತೆ ತಡೆದು, ಹುಟ್ಟಿದ ಶಾಖವನ್ನೂ ಹೊತ್ತುಕೊಂಡು ತೊಟ್ಟಿಗೆ ಮರಳುವುದು. ಅಳತೆಕಡ್ಡಿಯ ಮೇಲಿನ ಗುರುತಿನವರೆಗೆ ಮಾತ್ರ ಎಣ್ಣೆಯಿದ್ದರೆ ಅದರ ಮಟ್ಟಕ್ಕೂ ತಿರುಗುವ ಶಾಫ್ಟಿಗೂ ನಡುವೆ ಬೇಕಾದಷ್ಟು ಬಯಲು ಉಳಿಯುವುದು. ಈ ಬಯಲು ವ್ಯರ್ಥವಾದ ಜಾಗವಲ್ಲ, ಬೇಕೆಂದೇ ಬಿಟ್ಟದ್ದು.

ಹೆಚ್ಚಾದಾಗ ಆಗುವುದೇನು

ನಿಮಿಷಕ್ಕೆ 2000 ಸುತ್ತು ತಿರುಗುವ ಎಂಜಿನ್ನಿನ ಶಾಫ್ಟು ಒಂದು ಸೆಕೆಂಡಿಗೆ ಸುಮಾರು 33 ಸುತ್ತು ತಿರುಗುವುದು. ಎಣ್ಣೆಯು ಅದನ್ನು ಮುಟ್ಟುವಷ್ಟು ಏರಿದರೆ, ಕಡೆಗೋಲಿನಿಂದ ಮೊಸರನ್ನು ಕಡೆದಂತೆ ಶಾಫ್ಟು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುವುದು. ಆಗ ಪಂಪು ಬರಿಯ ಎಣ್ಣೆಯನ್ನಲ್ಲದೆ ಗಾಳಿ ಬೆರೆತ ನೊರೆಯನ್ನು ಎಳೆಯುವುದು. ಗಾಳಿಯು ಒತ್ತಿದರೆ ಕುಗ್ಗತಕ್ಕ ವಸ್ತುವಾದುದರಿಂದ ಬೇರಿಂಗಿನಲ್ಲಿ ಭಾರವನ್ನು ಹೊರಬೇಕಾದ ಪೊರೆಯು ಅಲ್ಲಲ್ಲಿ ಹರಿದು ಲೋಹವು ಲೋಹಕ್ಕೆ ಉಜ್ಜುವುದು. ತೊಟ್ಟಿಯ ತುಂಬ ಎಣ್ಣೆಯಿದ್ದರೂ ಬೇರಿಂಗುಗಳು ಎಣ್ಣೆಯಿಲ್ಲದೆ ಕೆಡುವುದು ಹೀಗೆಯೇ.

ಇದಲ್ಲದೆ, ಎಣ್ಣೆಯನ್ನು ಕಡೆಯುವುದರಲ್ಲಿಯೇ ಶಕ್ತಿಯು ವ್ಯಯವಾಗಿ ಡೀಸೆಲಿನ ಖರ್ಚು ಹೆಚ್ಚುವುದು. ಎಣ್ಣೆಯು ಕಾದು ತೆಳುವಾಗುವುದು. ಆಯಿಲ್ ಸೀಲುಗಳಲ್ಲಿ ಸೋರುವುದೂ ಉಂಟು. ಮೇಲಿನ ಗುರುತಿಗಿಂತ ಒಂದೆರಡು ಮಿಲಿಮೀಟರು ಏರಿದ ಮಾತ್ರಕ್ಕೆ ಯಂತ್ರವು ಸಾಮಾನ್ಯವಾಗಿ ಕೆಡುವುದಿಲ್ಲ. ಆದರೆ ಗುರುತನ್ನು ಸ್ಪಷ್ಟವಾಗಿ ದಾಟಿದ್ದರೆ ಎಂಜಿನ್ನನ್ನು ನಡೆಸಕೂಡದು.

ಡೀಸೆಲ್ ಎಂಜಿನ್ನಿನ ವಿಶೇಷವಾದ ಅಪಾಯ

ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ಕಿಡಿಯು ಬೇಕಿಲ್ಲ. ಒತ್ತಲ್ಪಟ್ಟು ಕಾದ ಗಾಳಿಯೇ ಅದನ್ನು ಹೊತ್ತಿಸುವುದು. ಒಳಗೆ ಬಂದದ್ದು ಡೀಸೆಲೋ ಎಂಜಿನ್ನಿನ ಎಣ್ಣೆಯೋ ಎಂಬ ಭೇದವು ಆ ಶಾಖಕ್ಕಿಲ್ಲ. ಎಣ್ಣೆಯು ಅತಿಯಾಗಿದ್ದಲ್ಲಿ, ಬ್ರೀದರ್ ನಳಿಗೆಯು ಗಾಳಿಯ ದಾರಿಗೆ ಸೇರಿರುವ ಎಂಜಿನ್ನುಗಳಲ್ಲಿ ನೊರೆಯು ಆ ಮೂಲಕ ಸಿಲಿಂಡರನ್ನು ಹೊಕ್ಕು ಇಂಧನದಂತೆಯೇ ಉರಿಯುವುದು. ಆಗ ಡೀಸೆಲನ್ನು ನಿಲ್ಲಿಸಿದರೂ ಎಂಜಿನ್ನು ನಿಲ್ಲದೆ, ಬಿಳಿಯ ಅಥವಾ ನೀಲಿಯ ಹೊಗೆಯನ್ನು ಉಗುಳುತ್ತ, ಹಿಡಿತವಿಲ್ಲದೆ ವೇಗವನ್ನು ಏರಿಸಿಕೊಂಡು ಒಡೆದುಹೋಗುವ ಸಂಭವವುಂಟು.

ಎಣ್ಣೆಯ ಬಟ್ಟಲುಳ್ಳ ಏರ್ ಕ್ಲೀನರಿನ ವಿಷಯದಲ್ಲಿಯೂ ಇದೇ ಎಚ್ಚರಿಕೆಯು ಬೇಕು. ಧೂಳು ಹೆಚ್ಚೆಂದು ಆ ಬಟ್ಟಲನ್ನು ಗುರುತಿಗಿಂತ ಮೇಲಕ್ಕೆ ತುಂಬಿದರೆ ಗಾಳಿಯೊಡನೆ ಎಣ್ಣೆಯೂ ಎಂಜಿನ್ನಿನೊಳಕ್ಕೆ ಸೆಳೆಯಲ್ಪಡುವುದು.

ಹೀಗೆ ಹಿಡಿತ ತಪ್ಪಿದ ಎಂಜಿನ್ನನ್ನು ನಿಲ್ಲಿಸಲು ಗಾಳಿಯ ಬಾಯನ್ನು ಮುಚ್ಚಬೇಕು. ಬರಿಗೈಯನ್ನಾಗಲಿ ಸಡಿಲವಾದ ಬಟ್ಟೆಯನ್ನಾಗಲಿ ಎಂದಿಗೂ ಒಡ್ಡಕೂಡದು. ಬಾಯಿಗಿಂತ ಅಗಲವಾದ ಗಟ್ಟಿ ಹಲಗೆಯು ಯುಕ್ತವಾದುದು. ಹತ್ತಿರ ಹೋಗುವುದು ಕ್ಷೇಮವಲ್ಲವೆಂದು ತೋರಿದರೆ ಮಕ್ಕಳನ್ನೂ ಆಳುಗಳನ್ನೂ ಕರೆದುಕೊಂಡು ದೂರ ಸರಿಯುವುದೇ ಲೇಸು. ಎಂಜಿನ್ನನ್ನು ಮತ್ತೆ ಕೊಳ್ಳಬಹುದು, ಪ್ರಾಣವನ್ನು ಕೊಳ್ಳಲಾಗದು.

ತಪ್ಪು ಆಗುವ ಬಗೆ

ಹೆಚ್ಚಿನ ಎಣ್ಣೆಯನ್ನು ಬೇಕೆಂದು ಸುರಿಯುವವರಿಗಿಂತ ತಪ್ಪಾಗಿ ಅಳೆದು ಸುರಿಯುವವರೇ ಅನೇಕರು. ಎಂಜಿನ್ನನ್ನು ನಿಲ್ಲಿಸಿದ ಕ್ಷಣದಲ್ಲಿಯೇ ಕಡ್ಡಿಯನ್ನು ನೋಡಿದರೆ ಮೇಲಣ ಭಾಗಗಳಲ್ಲಿರುವ ಎಣ್ಣೆಯು ಇನ್ನೂ ಇಳಿದಿರದ ಕಾರಣ ಮಟ್ಟವು ಕಡಿಮೆಯಾಗಿ ಕಾಣುವುದು. ಬದುವಿನ ಓರೆಯಲ್ಲಿ ನಿಂತ ಟ್ರ್ಯಾಕ್ಟರಿನಲ್ಲಿಯೂ ಅಳತೆಯು ಸುಳ್ಳಾಗುವುದು. ಫಿಲ್ಟರನ್ನು ಬದಲಾಯಿಸದೆ ಎಣ್ಣೆಯನ್ನು ಮಾತ್ರ ಇಳಿಸಿದಾಗ ಹಳೆಯ ಎಣ್ಣೆಯು ಸ್ವಲ್ಪ ಫಿಲ್ಟರಿನಲ್ಲಿಯೇ ಉಳಿದಿರುವುದು. ಹೀಗಿರುವಲ್ಲಿ ಪೂರ್ತಿ ಅಳತೆಯನ್ನು ಸುರಿದರೆ ಅಷ್ಟರಮಟ್ಟಿಗೆ ಹೆಚ್ಚಾಗುವುದು. ಬೆಳಿಗ್ಗೆ ಡ್ರೈವರು ಹಾಕಿದ್ದನ್ನು ತಿಳಿಯದೆ ಸಂಜೆ ಮಾಲೀಕನು ಮತ್ತೆ ಹಾಕುವುದೂ ಅಪೂರ್ವವಲ್ಲ.

ಎಲ್ಲ ಎಂಜಿನ್ನುಗಳಿಗೂ ಅಳತೆಯ ಕ್ರಮವು ಒಂದೇ ಅಲ್ಲವೆಂಬುದಕ್ಕೆ ವೇಗದ ಕಾರುಗಳು ಒಳ್ಳೆಯ ನಿದರ್ಶನ. ಜರ್ಮನಿಯಲ್ಲಿ 1964ರಿಂದ 1998ರವರೆಗೆ ತಯಾರಾದ, ಗಾಳಿಯಿಂದ ತಂಪಾಗುವ ಎಂಜಿನ್ನುಳ್ಳ ಪೋರ್ಷೆ 911 ಕಾರುಗಳಲ್ಲಿ ಎಣ್ಣೆಯನ್ನು ಬೇರೊಂದು ತೊಟ್ಟಿಯಲ್ಲಿ ಇರಿಸುವರು. ತಿರುವುಗಳಲ್ಲಿ ವೇಗವಾಗಿ ಹೋಗುವಾಗ ಎಣ್ಣೆಯು ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಕ್ಕದೆ ಹೋಗಬಾರದೆಂಬುದೇ ಇದರ ಉದ್ದೇಶ. ಇಂಥ ಕಾರಿನಲ್ಲಿ ಎಂಜಿನ್ನು ಚೆನ್ನಾಗಿ ಕಾದು, ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯುತ್ತಿರುವಾಗಲೇ ಎಣ್ಣೆಯನ್ನು ಅಳೆಯತಕ್ಕದ್ದು. ಬೇರೆ ಕಾರುಗಳಂತೆ ನಿಂತ ಎಂಜಿನ್ನಿನಲ್ಲಿ ಅಳೆದವನಿಗೆ ಎಣ್ಣೆ ಕಡಿಮೆಯೆಂದು ತೋರುವುದು. ಆತನು ಸುರಿದ ಹೆಚ್ಚಿನ ಎಣ್ಣೆಯು ಬಳಿಕ ಏರ್ ಕ್ಲೀನರನ್ನು ಸೇರಿ ಹೊಗೆಯಾಗುವುದು. ಟ್ರ್ಯಾಕ್ಟರಿಗೆ ಸರಿಯಾದ ಕ್ರಮವು ಆ ಕಾರಿಗೆ ತಪ್ಪು. ಆ ಕಾರಿನ ಕ್ರಮವು ಟ್ರ್ಯಾಕ್ಟರಿಗೆ ತಪ್ಪು. ಆದಕಾರಣ ಯಂತ್ರದೊಡನೆ ಕೊಟ್ಟ ಪುಸ್ತಕವೇ ಪ್ರಮಾಣವು.

ಟ್ರ್ಯಾಕ್ಟರಿನ ಎಣ್ಣೆಯನ್ನು ಅಳೆಯುವ ಕ್ರಮ

1. ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಸುಮಾರು ಹತ್ತು ನಿಮಿಷ ತಡೆಯತಕ್ಕದ್ದು. ಬೆಳಿಗ್ಗೆ ಕೆಲಸಕ್ಕೆ ಮೊದಲು ನೋಡುವುದು ಉತ್ತಮ.

2. ಕಡ್ಡಿಯನ್ನು ತೆಗೆದು ಚೊಕ್ಕಟವಾದ ಬಟ್ಟೆಯಿಂದ ಒರಸಿ, ಪೂರ್ತಿಯಾಗಿ ಒಳಕ್ಕೆ ಇಳಿಸಿ, ಮತ್ತೆ ತೆಗೆದು ನೋಡತಕ್ಕದ್ದು.

3. ಎಣ್ಣೆಯು ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಮೇಲಿನ ಗುರುತನ್ನು ಮುಟ್ಟಿಸಲೇಬೇಕೆಂಬ ಹಟವು ಬೇಡ.

4. ಕಡಿಮೆಯಿದ್ದರೆ ಅಳತೆಯ ಪಾತ್ರೆಯಿಂದ ಸ್ವಲ್ಪ ಸ್ವಲ್ಪವಾಗಿ ಸುರಿದು, ಕೆಲವು ನಿಮಿಷ ತಡೆದು, ಪುನಃ ನೋಡತಕ್ಕದ್ದು.

5. ಈ ಕೆಲಸವನ್ನು ಒಬ್ಬರಿಗೇ ವಹಿಸಿ, ಹಾಕಿದ ದಿನವನ್ನೂ ಅಳತೆಯನ್ನೂ ಪುಸ್ತಕದಲ್ಲಿ ಬರೆದಿಡತಕ್ಕದ್ದು.

ಹಾಕದೆಯೇ ಎಣ್ಣೆಯು ಏರಿದರೆ

ಯಾರೂ ಎಣ್ಣೆಯನ್ನು ಹಾಕದಿದ್ದರೂ ಮಟ್ಟವು ಏರುತ್ತಿದ್ದರೆ ಸಂತೋಷಪಡತಕ್ಕದ್ದಲ್ಲ. ಎಣ್ಣೆಯು ತೆಳ್ಳಗಾಗಿ ಡೀಸೆಲಿನ ವಾಸನೆ ಬರುತ್ತಿದ್ದರೆ ಇಂಧನವು ಎಲ್ಲಿಯೋ ಸೋರಿ ಎಣ್ಣೆಗೆ ಬೆರೆಯುತ್ತಿದೆಯೆಂದು ತಿಳಿಯಬೇಕು. ಹಾಲುಬೆರಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿರುವುದು. ಎರಡು ಸಂದರ್ಭಗಳಲ್ಲಿಯೂ ಎಣ್ಣೆಯ ಸತ್ತ್ವವು ಕುಂದುವುದರಿಂದ, ಮೆಕ್ಯಾನಿಕನು ಕಾರಣವನ್ನು ಕಂಡುಹಿಡಿದು ಸರಿಪಡಿಸಿ ಹೊಸ ಎಣ್ಣೆಯನ್ನು ಹಾಕುವವರೆಗೆ ಎಂಜಿನ್ನನ್ನು ನಡೆಸಬಾರದು.

ಪರಿಹಾರ

ಹೆಚ್ಚಾದದ್ದು ತಿಳಿದೊಡನೆ ಎಂಜಿನ್ನನ್ನು ಚಾಲೂ ಮಾಡದೆ, ತಳದ ಬಿರಡೆಯನ್ನು ಜಾಗರೂಕತೆಯಿಂದ ಸಡಿಲಿಸಿ, ಹೆಚ್ಚಿನದನ್ನು ಪಾತ್ರೆಗೆ ಇಳಿಸಿ, ಬಿರಡೆಯನ್ನು ಬಿಗಿಮಾಡಿ ಮತ್ತೆ ಅಳೆಯತಕ್ಕದ್ದು. ಕಾದ ಎಣ್ಣೆಯು ಕೈಯನ್ನು ಸುಡುವುದರಿಂದ ಸ್ವಲ್ಪ ಆರಲು ಬಿಡಬೇಕು. ಹೀಗೆ ಇಳಿಸಿದ ಹಳೆಯ ಎಣ್ಣೆಯನ್ನು ಬಾವಿಯ ಬಳಿಯಲ್ಲಾಗಲಿ, ಕಾಲುವೆಗಾಗಲಿ, ಹೊಲಕ್ಕಾಗಲಿ ಚೆಲ್ಲಕೂಡದು. ಡಬ್ಬಿಯಲ್ಲಿ ಶೇಖರಿಸಿ, ಅದನ್ನು ಶುದ್ಧಿಮಾಡುವ ಪರವಾನಗಿಯುಳ್ಳವರಿಗೆ ಸೇರುವಂತೆ ಮಾಡುವುದು ಯುಕ್ತ.

ಮಳೆಯ ಹದವು ಕೆಲವೇ ದಿನಗಳು ನಿಲ್ಲತಕ್ಕದ್ದು. ಆ ದಿನಗಳಲ್ಲಿ ಟ್ರ್ಯಾಕ್ಟರು ರಿಪೇರಿಗೆ ಬಿದ್ದರೆ ಬೇರಿಂಗುಗಳ ಬೆಲೆಯೊಂದೇ ಅಲ್ಲ, ಬಿತ್ತನೆಯ ಕಾಲವೂ ಕೈತಪ್ಪುವುದು. ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ದಿನವೂ ಹತ್ತು ನಿಮಿಷ ತಾಳ್ಮೆಯಿಂದ ಕಡ್ಡಿಯನ್ನು ನೋಡುವವರಿಗೆ ಈ ನಷ್ಟವು ಬಹುಮಟ್ಟಿಗೆ ತಪ್ಪುವುದು.